ಎರಡು ಫ್ಯಾನ್ ನಿಂತಿದ್ದವು, ಕೆಟ್ಟಿದ್ದು ಒಂದೇ

ಸಿಗ್ನಲ್‌ನಲ್ಲಿ ನಿಂತಾಗ ಬಿಸಿಯಾಗುತ್ತಿದ್ದ ನನ್ನ ಕಾರಿನ ಫ್ಯಾನನ್ನು ನಾನೇ ರಿಪೇರಿ ಮಾಡಿದ ಕಥೆ ಇದು. ಕಾರು 2013ರ ಪೆಟ್ರೋಲ್ ಸೆಡಾನ್. ಈ ಕೆಲಸ ಆರಂಭಿಸಿದಾಗ 1,18,000 ಕಿಲೋಮೀಟರ್ ಓಡಿತ್ತು. ಎಂಜಿನ್ನಿನ ಬಿಸಿ ನೀರನ್ನು ತಣಿಸುವ ರೇಡಿಯೇಟರ್ ಹಿಂದೆ ಒಂದೇ ಪ್ಲಾಸ್ಟಿಕ್ ಚೌಕಟ್ಟಿನಲ್ಲಿ ಎರಡು ಫ್ಯಾನ್‌ಗಳಿವೆ. ಬಾನೆಟ್ ಎತ್ತಿ ಕಾರಿನ ಮುಂದೆ ನಿಂತಾಗ ನಮ್ಮ ಎಡಗೈ ಕಡೆ ಬರುವುದನ್ನು ಎಡ ಫ್ಯಾನ್ ಎಂದೂ ಇನ್ನೊಂದನ್ನು ಬಲ ಫ್ಯಾನ್ ಎಂದೂ ಬರೆಯುತ್ತೇನೆ. ನನ್ನ ಬಳಿ ಇದ್ದ ಸಲಕರಣೆಗಳು: 450 ರೂಪಾಯಿಯ ಮಲ್ಟಿಮೀಟರ್, ಎಂಜಿನ್ ತಾಪಮಾನದಂಥ ಮಾಹಿತಿಯನ್ನು ಕಾರಿನ ಕಂಪ್ಯೂಟರಿನಿಂದ ಪಡೆದು ಬ್ಲೂಟೂತ್‌ನಲ್ಲಿ ಮೊಬೈಲಿಗೆ ಕಳಿಸುವ ಒಬಿಡಿ ಅಡಾಪ್ಟರ್, 8ರಿಂದ 17ರವರೆಗಿನ ಸ್ಪ್ಯಾನರ್‌ಗಳು, ಬೆಸುಗೆ ಕಡ್ಡಿ, ಮತ್ತು ಹಳೆಯ ಹೆಡ್‌ಲೈಟ್ ಬಲ್ಬು ಒಂದು. ಕೊನೆಗೆ ದೋಷದ ಜಾಗ ತೋರಿಸಿದ್ದು ಆ ಬಲ್ಬು.

ನಾವಿರುವುದು ತುಮಕೂರಿನಲ್ಲಿ. ಅಪ್ಪನ ಕಣ್ಣಿನ ಚಿಕಿತ್ಸೆಗಾಗಿ ಎರಡು ವಾರಕ್ಕೊಮ್ಮೆ ಶನಿವಾರ ಬೆಂಗಳೂರಿಗೆ ಹೋಗಬೇಕಿತ್ತು. ಮಾರ್ಚ್‌ನಲ್ಲೇ ಒಂದು ಸೂಚನೆ ಸಿಕ್ಕಿತ್ತು: ಹೆದ್ದಾರಿಯಲ್ಲಿ ಎ.ಸಿ. ತಣ್ಣಗೆ ಬೀಸುತ್ತಿತ್ತು, ಸಿಗ್ನಲ್‌ನಲ್ಲಿ ನಿಂತರೆ ಎರಡೇ ನಿಮಿಷದಲ್ಲಿ ಬಿಸಿ ಗಾಳಿ. ಗ್ಯಾಸ್ ಕಡಿಮೆಯಾಗಿದೆ ಎಂದುಕೊಂಡು ಒಂದು ಎ.ಸಿ. ಅಂಗಡಿಯಲ್ಲಿ 1,800 ರೂಪಾಯಿ ಕೊಟ್ಟು ತುಂಬಿಸಿದೆ. ಏನೂ ಬದಲಾಗಲಿಲ್ಲ. ಓಡುವಾಗ ಸರಿಯಿದ್ದು ನಿಂತಾಗ ಕೆಡುವ ಎ.ಸಿ.ಗೆ ಮೊದಲು ನೋಡಬೇಕಾದದ್ದು ಫ್ಯಾನ್. ಎ.ಸಿ. ಗ್ಯಾಸನ್ನು ತಣಿಸುವುದೂ ಇದೇ ಫ್ಯಾನ್‌ಗಳ ಗಾಳಿ. ಓಡುವ ಕಾರಿಗೆ ಎದುರುಗಾಳಿಯೇ ಸಾಕಾಗುತ್ತದೆ. ನಿಂತ ಕಾರಿಗೆ ಫ್ಯಾನ್ ಬಿಟ್ಟರೆ ಗಾಳಿ ಎಳೆಯುವವರಿಲ್ಲ. ಗಾಳಿ ಇಲ್ಲದಿದ್ದರೆ ಗ್ಯಾಸಿನ ಒತ್ತಡ ಏರಿ, ಗ್ಯಾಸನ್ನು ಒತ್ತುವ ಕಂಪ್ರೆಸರ್ ಕೆಡದಿರಲೆಂದು ಕಾರಿನ ಕಂಪ್ಯೂಟರೇ ಅದನ್ನು ನಿಲ್ಲಿಸುತ್ತದೆ. ಇದು ನನಗೆ ಮಾರ್ಚ್‌ನಲ್ಲಿ ಹೊಳೆಯಲಿಲ್ಲ.

2024 ಏಪ್ರಿಲ್ 6, ಶನಿವಾರ

ನೆಲಮಂಗಲದವರೆಗೆ ತೊಂದರೆ ಇರಲಿಲ್ಲ. ಪೀಣ್ಯದ ಮೇಲ್ಸೇತುವೆ ಇಳಿದು ಗೊರಗುಂಟೆಪಾಳ್ಯದ ಸಿಗ್ನಲ್‌ನಲ್ಲಿ ಸಿಕ್ಕಿಕೊಂಡೆವು. ಮಧ್ಯಾಹ್ನ ಹನ್ನೆರಡರ ಬಿಸಿಲು. ಆರೇಳು ನಿಮಿಷದಲ್ಲಿ ತಾಪಮಾನದ ಮುಳ್ಳು ನಡುವಿನ ಗೆರೆ ದಾಟಿ ಮೇಲಕ್ಕೆ ಸರಿಯತೊಡಗಿತು. ಎ.ಸಿ. ಆರಿಸಿ, ಕಿಟಕಿ ಇಳಿಸಿ, ಹೀಟರನ್ನು ಪೂರ್ತಿ ತಿರುಗಿಸಿದೆ. ಹೀಟರ್ ಸಹ ಚಿಕ್ಕದೊಂದು ರೇಡಿಯೇಟರೇ. ಎಂಜಿನ್ನಿನ ಶಾಖವನ್ನು ಒಳಗೆ ಎಳೆದುಕೊಳ್ಳುತ್ತದೆ. ಎಪ್ಪತ್ತನಾಲ್ಕು ವರ್ಷದ ಅಪ್ಪ ಆ ಬೆಂಕಿಯಂಥ ಗಾಳಿಯಲ್ಲಿ ಕರವಸ್ತ್ರ ಒತ್ತಿಕೊಂಡು ಕುಳಿತಿದ್ದನ್ನು ನೋಡಿ ಹೊಟ್ಟೆ ಕಿವುಚಿದಂತಾಯಿತು. ಸಿಗ್ನಲ್ ದಾಟಿ ರಸ್ತೆಬದಿಗೆ ನಿಲ್ಲಿಸಿ ಮೊಬೈಲ್ ನೋಡಿದರೆ 108 ಡಿಗ್ರಿ. ಬಾನೆಟ್ ಎತ್ತಿದಾಗ ಎಡ ಫ್ಯಾನ್ ಒಂದೇ ಭೋರ್ಗರೆಯುತ್ತ ಸುತ್ತುತ್ತಿತ್ತು. ಬಲ ಫ್ಯಾನ್ ನಿಶ್ಚಲ.

ಆಗಲೇ ಅಲ್ಲಿದ್ದ ಒಬ್ಬ ಮೆಕ್ಯಾನಿಕ್, ಫ್ಯಾನ್‌ಗೆ ಬ್ಯಾಟರಿಯಿಂದ ನೇರ ಸಂಪರ್ಕ ಕೊಟ್ಟು ಡ್ಯಾಶ್‌ಬೋರ್ಡಿನಲ್ಲಿ ಸ್ವಿಚ್ ಹಾಕಿಬಿಡೋಣ ಎಂದರು. ಬೇಕಿದ್ದರೆ ಥರ್ಮೋಸ್ಟಾಟನ್ನೂ (ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರ್‌ಗೆ ಬಿಡದೆ ತಡೆಯುವ ಕವಾಟ) ಕಿತ್ತುಹಾಕಬಹುದು ಎಂದರು. ನಮ್ಮ ಊರುಗಳಲ್ಲಿ ಎಷ್ಟೋ ಕಾರುಗಳು ಹೀಗೆಯೇ ಓಡುತ್ತಿವೆ. ನಾನು ಒಪ್ಪಲಿಲ್ಲ. ಸ್ವಿಚ್ ಹಾಕುವುದನ್ನು ಮರೆತ ದಿನ ಎಂಜಿನ್ ಅತಿಯಾಗಿ ಕಾದು ಅದರೊಳಗಿನ ಸೀಲು, ಹೆಡ್ ಗ್ಯಾಸ್ಕೆಟ್, ಹೋಗಬಹುದು. ಥರ್ಮೋಸ್ಟಾಟ್ ಇಲ್ಲದ ಎಂಜಿನ್ ಹೆದ್ದಾರಿಯಲ್ಲಿ ಬಿಸಿಯೇ ಆಗದೆ ಪೆಟ್ರೋಲ್ ಕುಡಿಯುತ್ತದೆ.

ಏಪ್ರಿಲ್ 7, ಭಾನುವಾರ

ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿದ್ದಾಗ ರೇಡಿಯೇಟರ್ ಮುಚ್ಚಳ ತೆರೆದೆ. ಬಿಸಿ ಇದ್ದಾಗ ತೆರೆಯಲೇಬಾರದು; ಒತ್ತಡದಲ್ಲಿರುವ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಕಾದಿರುತ್ತದೆ, ಮುಚ್ಚಳ ಸಡಿಲವಾದ ಕ್ಷಣ ಮುಖಕ್ಕೆ ಎರಚುತ್ತದೆ. ಕೂಲೆಂಟ್, ಅಂದರೆ ಎಂಜಿನ್ ತಣಿಸುವ ದ್ರವ, ಕುತ್ತಿಗೆಯವರೆಗೆ ಇತ್ತು. ಎಣ್ಣೆಯ ಪಸೆ ಇಲ್ಲ, ಹೋಸ್‌ಗಳಲ್ಲಿ ಸೋರಿಕೆ ಇಲ್ಲ, ಮುಚ್ಚಳದ ರಬ್ಬರ್ ಗಟ್ಟಿಯಾಗಿಲ್ಲ.

ಮುಚ್ಚಳ ಹಾಕಿ, ಎ.ಸಿ. ಇಲ್ಲದೆ ಎಂಜಿನ್ ಚಾಲೂ ಮಾಡಿ, ಮೊಬೈಲ್ ಮತ್ತು ನೋಟ್‌ಬುಕ್ ಹಿಡಿದು ನಿಂತೆ. 84 ಡಿಗ್ರಿ ದಾಟಿದ ಮೇಲೆ ರೇಡಿಯೇಟರ್‌ನ ಎರಡೂ ಹೋಸ್ ಬಿಸಿಯಾದವು. ಅಂದರೆ ಥರ್ಮೋಸ್ಟಾಟ್ ತೆರೆದಿದೆ. ನನ್ನ ಕಾರಿನಲ್ಲಿ 97ಕ್ಕೆ ಎರಡೂ ಫ್ಯಾನ್‌ಗಳು ನಿಧಾನವಾಗಿ ಸುತ್ತಬೇಕು. 97 ಬಂತು, ರಿಲೇ (ಕಂಪ್ಯೂಟರಿನ ಆಜ್ಞೆಗೆ ಫ್ಯಾನ್‌ಗೆ ವಿದ್ಯುತ್ ಹರಿಸುವ ಸ್ವಿಚ್) ಪೆಟ್ಟಿಗೆಯೊಳಗೆ ಟಕ್ ಎಂಬ ಸದ್ದೂ ಬಂತು, ಫ್ಯಾನ್ ಮಾತ್ರ ಅಲುಗಲಿಲ್ಲ. 100, 103. 106ಕ್ಕೆ ಮತ್ತೆ ಟಕ್ ಟಕ್. ಎಡ ಫ್ಯಾನ್ ಪೂರ್ಣ ವೇಗದಲ್ಲಿ ಹೊರಟಿತು. ಬಲ ಫ್ಯಾನ್ ಇಲ್ಲ. ಎಂಜಿನ್ ಆರಿಸಿದೆ.

ನೋಟ್‌ಬುಕ್‌ನಲ್ಲಿ ಹೀಗೆ ಬರೆದಿದ್ದೇನೆ: “ನಿಧಾನ ವೇಗ: ಎರಡೂ ಇಲ್ಲ. ಪೂರ್ಣ ವೇಗ: ಎಡ ಮಾತ್ರ. ಎರಡು ಮೋಟರ್ ಒಟ್ಟಿಗೇ ಕೆಡಲಾರವು. ನಿಧಾನ ವೇಗದ ರಿಲೇ ಅಥವಾ ಸೆನ್ಸರ್ ಇರಬೇಕು.” ಈ ಒಂದು ವಾಕ್ಯ ನನ್ನ ಒಂದು ವಾರವನ್ನೂ 930 ರೂಪಾಯಿಯನ್ನೂ ತಿಂದಿತು. ಎರಡು ಮೋಟರ್‌ಗಳನ್ನು ವೈರಿಂಗ್‌ನಲ್ಲಿ ಹೇಗೆ ಜೋಡಿಸಿದ್ದಾರೆ ಎಂದು ನೋಡದೆಯೇ ಹಾಗೆ ಬರೆದುಬಿಟ್ಟಿದ್ದೆ.

ಏಪ್ರಿಲ್ 9, ಯುಗಾದಿ

ಹೋಳಿಗೆ ಊಟ ಮುಗಿಸಿ ಮೂರು ಗಂಟೆಗೆ ಮತ್ತೆ ಬಾನೆಟ್ ಎತ್ತಿದೆ. ಫ್ಯಾನ್‌ಗೆ 30 ಆಂಪಿಯರಿನ ಎರಡು ಫ್ಯೂಸ್, ಎರಡೂ ಸರಿ. ಮೂರು ರಿಲೇಗಳಿದ್ದವು, ಎರಡಕ್ಕೆ ನಾಲ್ಕು ಕಾಲು, ಒಂದಕ್ಕೆ ಐದು. ನಾಲ್ಕು ಕಾಲಿನದು ಹಾರ್ನ್‌ನ ರಿಲೇಯಂಥದೇ ಆಗಿದ್ದರಿಂದ ಅದಲುಬದಲು ಮಾಡಿ ಹಾರ್ನ್ ಒತ್ತಿದೆ. ಹಾರ್ನ್ ಕೂಗಿತು, ರಿಲೇ ಸರಿ ಇದೆ ಎಂದು ಅಲ್ಲಿಗೇ ತಿಳಿಯಿತು. ಆದರೂ ಮನಸ್ಸು ತಡೆಯದೆ ಮರುದಿನ ಹೊಸ ರಿಲೇ ತಂದೆ, 280 ರೂಪಾಯಿ. ಜೊತೆಗೆ ಕೂಲೆಂಟ್ ತಾಪಮಾನದ ಸೆನ್ಸರ್, 650 ರೂಪಾಯಿ.

ಸೆನ್ಸರ್ ಕೊಂಡದ್ದು ಶುದ್ಧ ತಪ್ಪು. ಮೊಬೈಲಿನಲ್ಲಿ ತಾಪಮಾನ ಒಂದೊಂದೇ ಡಿಗ್ರಿ ಏರುತ್ತಿತ್ತು, 97ಕ್ಕೆ ರಿಲೇ ಬಡಿಯುತ್ತಿತ್ತು. ಸೆನ್ಸರ್ ಕೆಲಸ ಮಾಡುತ್ತಿದೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಹಳೆಯದನ್ನು ಬಿಚ್ಚಿ ಅಳೆದೆ: ಬೆಳಗಿನ 26 ಡಿಗ್ರಿಯಲ್ಲಿ ಸುಮಾರು 2,000 ಓಮ್. ಹೊಸದು? ಅದೂ ಸುಮಾರು 2,000. ಹಾಕಿದೆ. 97, ಟಕ್, ಫ್ಯಾನ್ ಇಲ್ಲ.

ಏಪ್ರಿಲ್ 13, ಶನಿವಾರ

ಎರಡೂ ಮೋಟರ್‌ಗಳ ಕನೆಕ್ಟರ್ ಕಳಚಿ ಬ್ಯಾಟರಿಯಿಂದ ನೇರವಾಗಿ ವಿದ್ಯುತ್ ಕೊಟ್ಟೆ. ಮೊಸಳೆ ಕ್ಲಿಪ್ಪಿನ ವೈರುಗಳು, ನಡುವೆ 20 ಆಂಪಿಯರಿನ ಫ್ಯೂಸ್. ಎಡ ಸುತ್ತಿತು. ಬಲವೂ ಸುತ್ತಿತು. “ಎರಡೂ ಮೋಟರ್ ಸರಿ” ಎಂದು ಬರೆದೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು: “ಬಲಕ್ಕೆ ಕೊಟ್ಟಾಗ ಕ್ಲಿಪ್ಪು ಬಿಸಿ. ವೈರು ತೆಳುವೇನೋ.” ಅದೇ ವೈರು ಎಡಕ್ಕೆ ಕೊಟ್ಟಾಗ ಬಿಸಿಯಾಗಿರಲಿಲ್ಲ. ಉತ್ತರ ಅಂದೇ ನನ್ನ ಬೆರಳಿಗೆ ತಾಗಿತ್ತು. ನಾನು ಬರೆದಿಟ್ಟುಕೊಂಡೆ, ಯೋಚಿಸಲಿಲ್ಲ.

ನಂತರ ಬಲ ಫ್ಯಾನ್‌ಗೆ ಬರುವ ಕನೆಕ್ಟರ್‌ನಲ್ಲಿ ವೋಲ್ಟೇಜ್ ಅಳೆಯಲು ಪೂರ್ಣ ವೇಗದ ರಿಲೇ ಕಿತ್ತು, ಅದರ 30 ಮತ್ತು 87 ಎಂಬ ಗುರುತಿನ ಕಿಂಡಿಗಳ ನಡುವೆ ಫ್ಯೂಸ್ ಇರುವ ತುಂಡು ವೈರ್ ಹಾಕಿದೆ. ಎಂಜಿನ್ ಬಿಸಿಯಾಗುವವರೆಗೆ ಕಾಯದೆ ಫ್ಯಾನ್ ಓಡಿಸಲು ಇದೇ ಸುಲಭದ ದಾರಿ. ಮಲ್ಟಿಮೀಟರ್ 12.3 ವೋಲ್ಟ್ ತೋರಿಸಿತು. ಕನೆಕ್ಟರ್‌ನಲ್ಲಿ ವೋಲ್ಟೇಜ್ ಇದೆ, ಮೋಟರ್ ಸರಿ ಇದೆ, ಎರಡನ್ನೂ ಜೋಡಿಸಿದರೆ ಓಡುವುದಿಲ್ಲ. ಅಂದು ರಾತ್ರಿ ನಿದ್ದೆ ಬರಲಿಲ್ಲ.

ಏಪ್ರಿಲ್ 14, ಭಾನುವಾರ

ಬೆಳಿಗ್ಗೆ ಎರಡು ಕೆಲಸ ಮಾಡಿದೆ. ಎರಡನ್ನೂ ಮೊದಲ ದಿನವೇ ಮಾಡಬೇಕಿತ್ತು.

ಒಂದು, ಕಾರಿನ ವರ್ಕ್‌ಶಾಪ್ ಕೈಪಿಡಿಯ ವೈರಿಂಗ್ ನಕ್ಷೆಯನ್ನು ಹುಡುಕಿ ತೆಗೆದು, ಹಳೆಯ ಕ್ಯಾಲೆಂಡರಿನ ಹಿಂಬದಿಗೆ ದೊಡ್ಡದಾಗಿ ಬರೆದುಕೊಂಡೆ. ಬರೆಯುತ್ತಿದ್ದಂತೆ ಕೈ ನಿಂತಿತು. ನಿಧಾನ ವೇಗಕ್ಕೆ ಈ ಕಾರಿನಲ್ಲಿ ಬೇರೆ ರೆಸಿಸ್ಟರ್ ಇಲ್ಲ. ಎರಡೂ ಮೋಟರ್‌ಗಳನ್ನೇ ಹಾರದ ಮಣಿಗಳಂತೆ ಒಂದರ ಹಿಂದೊಂದು ಪೋಣಿಸಿದ್ದಾರೆ. ಮೊದಲ ರಿಲೇಯಿಂದ ಹೊರಟ ವಿದ್ಯುತ್ ಎಡ ಮೋಟರ್ ಹೊಕ್ಕು, ಐದು ಕಾಲಿನ ರಿಲೇ ದಾಟಿ, ಬಲ ಮೋಟರ್ ಹೊಕ್ಕು, ಅಲ್ಲಿಂದ ಅರ್ತ್‌ಗೆ, ಅಂದರೆ ಕಾರಿನ ಲೋಹದ ಮೈ ಮೂಲಕ ಬ್ಯಾಟರಿಯ ಋಣಕ್ಕೆ, ಇಳಿಯುತ್ತದೆ. 12 ವೋಲ್ಟ್ ಎರಡಕ್ಕೂ ಹಂಚಿಹೋಗಿ ತಲಾ ಆರರಷ್ಟು ಸಿಗುವುದರಿಂದ ಎರಡೂ ಮೆಲ್ಲಗೆ ಸುತ್ತುತ್ತವೆ. ಪೂರ್ಣ ವೇಗ ಬೇಕಾದಾಗ ಐದು ಕಾಲಿನ ರಿಲೇ ಬಡಿದು ಎಡ ಮೋಟರ್‌ಗೆ ಬೇರೆ ಅರ್ತ್ ಕೊಡುತ್ತದೆ. ಬಲ ಮೋಟರ್‌ಗೆ ಇನ್ನೊಂದು ರಿಲೇ ನೇರವಾಗಿ ವಿದ್ಯುತ್ ಕೊಡುತ್ತದೆ. ಹೀಗಾಗಿ ಬಲ ಫ್ಯಾನ್‌ನ ದಾರಿಯಲ್ಲಿ ಎಲ್ಲೇ ತಡೆಯಾದರೂ ನಿಧಾನ ವೇಗದಲ್ಲಿ ಎರಡೂ ನಿಲ್ಲುತ್ತವೆ, ಪೂರ್ಣ ವೇಗದಲ್ಲಿ ಎಡ ಮಾತ್ರ ಓಡುತ್ತದೆ. ನಾನು ಏಪ್ರಿಲ್ 7ರಂದು ಬರೆದುಕೊಂಡ ಲಕ್ಷಣ ಚಾಚೂ ತಪ್ಪದೆ ಇದೇ!

ಎರಡು, ಬಲ ಫ್ಯಾನ್‌ನ ಕನೆಕ್ಟರ್‌ಗೆ ಮೋಟರ್ ಬದಲು 55 ವ್ಯಾಟ್‌ನ ಹಳೆಯ ಹೆಡ್‌ಲೈಟ್ ಬಲ್ಬು ಸಿಕ್ಕಿಸಿದೆ. ಅದು ಸುಮಾರು ನಾಲ್ಕೂವರೆ ಆಂಪಿಯರ್ ಎಳೆಯಬೇಕು. ಮಲ್ಟಿಮೀಟರ್ ಬಹುತೇಕ ಏನನ್ನೂ ಎಳೆಯುವುದಿಲ್ಲ. ಆದ್ದರಿಂದ ಒಂದೇ ಎಳೆ ಅಂಟಿಕೊಂಡ ವೈರಿನಲ್ಲೂ ಅದು ಪೂರ್ತಿ 12 ವೋಲ್ಟ್ ತೋರಿಸುತ್ತದೆ. ಬಲ್ಬಿನ ತಂತಿ ಕೆಂಡದಂತೆ ಮಂದವಾಗಿ ಕೆಂಪಾಯಿತು, ಅಷ್ಟೇ. ಈಗ ಅಳೆದೆ:

ಬ್ಯಾಟರಿಯಲ್ಲಿ 12.4 ವೋಲ್ಟ್. ಬಲ್ಬಿನ ಎರಡು ಕಾಲುಗಳ ನಡುವೆ 2.4. ಬ್ಯಾಟರಿಯ ಧನದಿಂದ ಕನೆಕ್ಟರ್‌ನ ಧನದವರೆಗೆ 0.2. ಕನೆಕ್ಟರ್‌ನ ಋಣದಿಂದ ಬ್ಯಾಟರಿಯ ಋಣದವರೆಗೆ 9.8.

ಮೋಟರ್‌ಗೆ ಸಲ್ಲಬೇಕಾದ ವೋಲ್ಟೇಜಿನ ಬಹುಪಾಲು ಅರ್ತ್ ದಾರಿಯಲ್ಲೇ ಸೋರಿಹೋಗುತ್ತಿದೆ. ಅರ್ತ್ ವೈರು ಕಾರಿನ ಲೋಹದ ಮೈಗೆ ಕೂಡುವ ಬೋಲ್ಟು ತುಕ್ಕು ಹಿಡಿದಿರಬೇಕು ಎಂದು ಬ್ಯಾಟರಿ ತಟ್ಟೆ ಎತ್ತಿ, ಬೋಲ್ಟು ಬಿಚ್ಚಿ, ಉಪ್ಪುಕಾಗದದಲ್ಲಿ ಉಜ್ಜಿ ಬಿಗಿದೆ. 9.8 ಹಾಗೆಯೇ ಇತ್ತು. ಆಮೇಲೆ ಗುಂಡುಪಿನ್ನನ್ನು ಕನೆಕ್ಟರ್‌ನ ಹಿಂದೆ ಅರ್ತ್ ವೈರಿನೊಳಗೆ ಚುಚ್ಚಿ ಅಲ್ಲಿಂದ ಅಳೆದೆ: 0.05. ವೈರಿನಲ್ಲಿ 0.05, ಅದೇ ವೈರಿನ ತುದಿಯ ಟರ್ಮಿನಲ್‌ನಲ್ಲಿ 9.8. ನಡುವೆ ಇರುವುದು ಒಂದು ಸೆಂಟಿಮೀಟರ್ ಜಾಗ.

ಕನೆಕ್ಟರ್‌ನ ಪ್ಲಾಸ್ಟಿಕ್ ಸೀಳಿದಾಗ ಟರ್ಮಿನಲ್ ವೈರನ್ನು ಅಮುಕಿ ಹಿಡಿದ ಜಾಗ ಕಪ್ಪಾಗಿತ್ತು. ತಾಮ್ರದ ಎಳೆಗಳು ಹಸಿರು ಪುಡಿಯಾಗಿದ್ದವು. ಹೊರಗಿನಿಂದ ಒಂಚೂರು ಕಂದು ಕಲೆ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ.

ಪಕ್ಕದ ಬೀದಿಯ ಅಂಗಡಿಯಲ್ಲಿ ವೈರ್ ಸಮೇತ ಸಿಗುವ ಎರಡು ಪಿನ್ನಿನ ಕನೆಕ್ಟರ್, 120 ರೂಪಾಯಿ. ಹಳೆಯದನ್ನು ಕತ್ತರಿಸಿ, ಬೆಸುಗೆ ಹಾಕಿ, ಮೇಲೆ ಶಾಖಕ್ಕೆ ಕುಗ್ಗುವ ಪ್ಲಾಸ್ಟಿಕ್ ಕೊಳವೆ ಹಾಕಿದೆ. 97 ಡಿಗ್ರಿ, ಟಕ್, ಎರಡೂ ಫ್ಯಾನ್‌ಗಳು ಮೆಲ್ಲನೆ ಸುತ್ತಿದವು. 93ಕ್ಕೆ ನಿಂತವು. ಮತ್ತೆ 97, ಮತ್ತೆ 93. ನಾಲ್ಕು ಸಲ ನೋಡಿದೆ. ಅಷ್ಟು ಸಂತೋಷವಾಗಿತ್ತು. ಏಪ್ರಿಲ್ 20ರಂದು ಅಪ್ಪನನ್ನು ಬೆಂಗಳೂರಿಗೆ ಕರೆದೊಯ್ದು ತಂದೆ. ಎ.ಸಿ. ಒಮ್ಮೆಯೂ ಬಿಸಿಯಾಗಲಿಲ್ಲ. ಏಪ್ರಿಲ್ 26, ಮತದಾನದ ರಜೆಯ ದಿನ, ನೋಟ್‌ಬುಕ್‌ನಲ್ಲಿ “ಮುಗಿಯಿತು” ಎಂದು ಬರೆದು ಕೆಳಗೆ ಗೆರೆ ಎಳೆದೆ.

ಮೇ 4, ಶನಿವಾರ

ಗೊರಗುಂಟೆಪಾಳ್ಯದಲ್ಲಿ ಮತ್ತೆ ಎ.ಸಿ. ಬಿಸಿ. ಈ ಸಲ ಮೊಬೈಲನ್ನು ಕಣ್ಣೆದುರಿಗೇ ಇಟ್ಟುಕೊಂಡಿದ್ದರಿಂದ 100 ತೋರಿಸುತ್ತಲೇ ಎ.ಸಿ. ಆರಿಸಿ ಹೀಟರ್ ಹಾಕಿ ಪಾರಾದೆವು. ಮನೆಗೆ ಬಂದು ಬಾನೆಟ್ ಎತ್ತಿದರೆ ಸುಟ್ಟ ಪ್ಲಾಸ್ಟಿಕ್ ವಾಸನೆ. ಮೂರು ವಾರದ ಹಿಂದೆ ಹಾಕಿದ ಕನೆಕ್ಟರ್ ಕರಗಿ ಮೋಟರ್‌ನ ಪಿನ್ನಿಗೆ ಅಂಟಿಕೊಂಡಿತ್ತು.

ಅಂಗಡಿಯವರು ಕಳಪೆ ಮಾಲು ಕೊಟ್ಟರು ಎಂದು ಗೊಣಗುತ್ತ ಕುಳಿತಿದ್ದೆ. ಅಪ್ಪ ಹೊರಗೆ ಬಂದರು. ಅವರು ತುಮಕೂರಿನ ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಕಣ್ಣು ಮಂಜಾಗಿದ್ದರೂ ಕೈ, ಕಿವಿ ಚುರುಕಾಗಿವೆ.

“ಹಳೆಯದು ಸುಟ್ಟಿತ್ತು, ಹೊಸದೂ ಸುಟ್ಟಿತು. ಹಾಗಾದರೆ ಕನೆಕ್ಟರ್‌ನದ್ದು ತಪ್ಪು ಹೇಗಪ್ಪಾ? ಮೋಟರ್ ಎಷ್ಟು ಎಳೆಯುತ್ತದೆ ನೋಡಿದೆಯಾ?”

“ಬ್ಯಾಟರಿಯಿಂದ ನೇರ ಕೊಟ್ಟು ನೋಡಿದ್ದೇನೆ ಅಪ್ಪ, ಚೆನ್ನಾಗಿ ಸುತ್ತುತ್ತದೆ.”

“ಸುತ್ತುವುದು ಬೇರೆ, ಹಗುರವಾಗಿ ಸುತ್ತುವುದು ಬೇರೆ. ಕೈಯಲ್ಲಿ ತಿರುಗಿಸು.”

ಬ್ಯಾಟರಿಯ ಋಣ ತುದಿ ಬಿಚ್ಚಿದೆ. ಕೆಲವು ಕಾರುಗಳಲ್ಲಿ ಕೀ ತೆಗೆದ ಮೇಲೂ ಫ್ಯಾನ್ ತಾನಾಗಿ ಹೊರಡುತ್ತದೆ. ಬೆರಳು ಒಳಗಿಡುವ ಮೊದಲು ಇದನ್ನು ಮಾಡಲೇಬೇಕು. ಎಡ ಫ್ಯಾನ್‌ನ ರೆಕ್ಕೆ ತಳ್ಳಿದರೆ ಎರಡು ಸುತ್ತು ಹಾಕಿ ನಿಂತಿತು. ಬಲ ಫ್ಯಾನ್ ಕೈ ಬಿಟ್ಟ ಜಾಗದಲ್ಲೇ ನಿಂತಿತು. ತಿರುಗಿಸುವಾಗ ಒಳಗೆ ಮರಳು ಉಜ್ಜಿದ ಹಾಗೆ. ಮತ್ತೆ ಬ್ಯಾಟರಿಯಿಂದ ವಿದ್ಯುತ್ ಕೊಟ್ಟಾಗ ಅಪ್ಪ ಉದ್ದನೆಯ ಸ್ಕ್ರೂಡ್ರೈವರ್‌ನ ತುದಿಯನ್ನು ಮೋಟರ್‌ನ ಬೆನ್ನಿಗೆ, ಹಿಡಿಯನ್ನು ಕಿವಿಗೆ ಒತ್ತಿ ಆಲಿಸಿದರು. “ಬೇರಿಂಗ್ ಒಣಗಿದೆ” ಎಂದಷ್ಟೇ ಹೇಳಿ ಒಳಗೆ ಹೋದರು. ನಾನು ನೋಟ್‌ಬುಕ್ ತೆರೆದು ಏಪ್ರಿಲ್ 13ರ ಸಣ್ಣ ಅಕ್ಷರದ ಸಾಲನ್ನು ಓದಿದೆ.

ಮೇ 5ರಿಂದ 9

ಆಂಪಿಯರ್ ಅಳೆಯುವುದೇ ಒಂದು ಪ್ರಯಾಸವಾಯಿತು. ಮೊದಲು ಮಲ್ಟಿಮೀಟರನ್ನು 10 ಆಂಪಿಯರಿನ ಕಿಂಡಿಗೆ ಬದಲಿಸಿ ಮೋಟರ್‌ನ ದಾರಿಯಲ್ಲಿ ಸೇರಿಸಿದೆ. ಹೊರಡುವ ಕ್ಷಣದಲ್ಲಿ ಮೋಟರ್ ಓಡುವಾಗಿನ ಹಲವು ಪಟ್ಟು ಎಳೆಯುತ್ತದೆ. ಮಲ್ಟಿಮೀಟರ್‌ನ ಒಳಗಿನ ಫ್ಯೂಸ್ ಹೋಯಿತು, 40 ರೂಪಾಯಿ. ನಂತರ ಮನೆ ವೈರಿಂಗ್ ಮಾಡುವ ಪರಿಚಿತರಿಂದ ಕ್ಲ್ಯಾಂಪ್ ಮೀಟರ್ ತಂದೆ. ವೈರಿನ ಸುತ್ತ ಕಚ್ಚಿಸಿದರೆ ಸೊನ್ನೆ. ಮೋಟರ್ ಓಡುತ್ತಿದೆ, ಮೀಟರ್ ಸೊನ್ನೆ ಎನ್ನುತ್ತಿದೆ! ಅರ್ಧ ಗಂಟೆಯ ಮೇಲೆ ತಿಳಿಯಿತು, ಅದು ಮನೆಗೆ ಬರುವ ಪರ್ಯಾಯ ವಿದ್ಯುತ್ (ಇದನ್ನೂ ಎ.ಸಿ. ಎನ್ನುತ್ತಾರೆ) ಮಾತ್ರ ಅಳೆಯುವಂಥದು. ಕಾರಿನದು ಡಿ.ಸಿ., ಅಂದರೆ ಒಂದೇ ದಿಕ್ಕಿಗೆ ಹರಿಯುವ ವಿದ್ಯುತ್; ಅದನ್ನೂ ಅಳೆಯುತ್ತದೆ ಎಂದು ಮೀಟರ್ ಮೇಲೆ ಸ್ಪಷ್ಟವಾಗಿ ಬರೆದಿರಬೇಕು. ಅಂಥದ್ದನ್ನು 2,650 ರೂಪಾಯಿ ಕೊಟ್ಟು ತರಿಸಿಕೊಂಡೆ. ದುಬಾರಿಯೇ, ಆದರೆ ಒಂದು ನಿಮಿಷದಲ್ಲಿ ಮಾತು ಮುಗಿಸಿತು:

ಎಡ ಮೋಟರ್ 9.6 ಆಂಪಿಯರ್. ಬಲ ಮೋಟರ್ 17.8.

ಒಣಗಿದ ಬೇರಿಂಗ್ ಎದುರು ಹೆಣಗುತ್ತ ಸುಮಾರು ಎರಡು ಪಟ್ಟು ಎಳೆಯುತ್ತಿತ್ತು. ಆ ಬಿಸಿಗೆ ಟರ್ಮಿನಲ್‌ನ ಸ್ಪ್ರಿಂಗ್ ಬಿಗಿ ಕಳೆದುಕೊಂಡು, ಸಡಿಲವಾದ ಜಾಗ ಇನ್ನಷ್ಟು ಬಿಸಿಯಾಗಿ ಸುಟ್ಟಿತ್ತು. 30 ಆಂಪಿಯರಿನ ಫ್ಯೂಸ್‌ಗೆ 17.8 ಹೆಚ್ಚೇನಲ್ಲ, ಆದ್ದರಿಂದ ಅದು ಹೋಗಲಿಲ್ಲ. ಇದಕ್ಕೆ ನನ್ನದೇ ಇನ್ನೊಂದು ತಪ್ಪೂ ಸೇರಿತ್ತು: 120 ರೂಪಾಯಿಯ ಕನೆಕ್ಟರ್‌ನ ವೈರು ನೋಡಲು ದಪ್ಪ, ಸಿಪ್ಪೆ ಸುಲಿದರೆ ತಾಮ್ರ ಹೆಚ್ಚೆಂದರೆ 1 ಚದರ ಮಿಲಿಮೀಟರ್. ಕಾರಿನ ಮೂಲ ವೈರು 2.5. ಅಂಗಡಿಯವರನ್ನು ಬೈದುಕೊಂಡದ್ದಕ್ಕೆ ಅರ್ಧ ಕಾರಣವಷ್ಟೇ ಇತ್ತು.

ಮೇ 11, ಶನಿವಾರ

ಬೆಂಗಳೂರಿನ ಜೆ.ಸಿ. ರಸ್ತೆಗೆ ಬಸ್ಸಿನಲ್ಲಿ ಹೋದೆ. ಚೌಕಟ್ಟು ಸಮೇತ ಕಂಪನಿಯ ಜೋಡಿ ಫ್ಯಾನ್ 6,400 ರೂಪಾಯಿ ಎಂದರು. ಶಿವಾಜಿನಗರದ ಗುಜರಿಯಲ್ಲಿ ಕಳಚಿದ ಮೋಟರ್ 900ಕ್ಕೆ ಸಿಗುತ್ತಿತ್ತು. ಕೈಯಲ್ಲಿ ತಿರುಗಿಸಿ ನೋಡಿದೆ, ನನ್ನದಕ್ಕಿಂತ ಸ್ವಲ್ಪ ವಾಸಿ ಅಷ್ಟೇ. ಕೊನೆಗೆ ಬೇರೆ ತಯಾರಕರ ಹೊಸ ಮೋಟರ್ ಒಂದನ್ನೇ 2,350ಕ್ಕೆ ಕೊಂಡೆ. ಒಳ್ಳೆಯ ಕನೆಕ್ಟರ್, ಟರ್ಮಿನಲ್, 2.5 ಚದರ ಮಿಲಿಮೀಟರಿನ ಎರಡು ಮೀಟರ್ ವೈರು, ಎಲ್ಲ ಸೇರಿ 340.

ಮೇ 12, ಭಾನುವಾರ

ಬೆಳಿಗ್ಗೆ ಏಳಕ್ಕೆ ಶುರು ಮಾಡಿದೆ. ಮೇಲಿನ ಹೋಸ್ ಕಳಚದೆ ಚೌಕಟ್ಟು ಮೇಲಕ್ಕೆ ಬರುವುದಿಲ್ಲ. ಸುಮಾರು ಒಂದೂವರೆ ಲೀಟರ್ ಕೂಲೆಂಟ್ ಬಕೆಟ್ಟಿಗೆ ಇಳಿಯಿತು. 10ರ ಸ್ಪ್ಯಾನರಿನ ನಾಲ್ಕು ಬೋಲ್ಟುಗಳು. ಚೌಕಟ್ಟು ಎತ್ತುವಾಗ ರೇಡಿಯೇಟರ್‌ನ ತೆಳು ರೆಕ್ಕೆಗಳಿಗೆ ತಾಗದಿರಲೆಂದು ನಡುವೆ ರಟ್ಟಿನ ಹಾಳೆ ಇಳಿಸಿದ್ದೆ. ಇದನ್ನು ಮರೆಯಬಾರದು.

ರೆಕ್ಕೆಯನ್ನು ಹಿಡಿದಿರುವ ನಟ್ಟು ಬಿಚ್ಚಲು ಎಡಕ್ಕೆ ತಿರುಗಿಸಿದೆ. ಬರಲಿಲ್ಲ. ಬಲವಾಗಿ ತಿರುಗಿಸಿದೆ, ರೆಕ್ಕೆಯ ನಡುಭಾಗ ಕಿರುಗುಟ್ಟಿತು. ಅಲ್ಲಿಗೆ ಕೈ ಬಿಟ್ಟು ದೀಪ ಹಿಡಿದು ನೋಡಿದರೆ ಪ್ಲಾಸ್ಟಿಕ್ಕಿನಲ್ಲೇ ಬಾಣದ ಗುರುತು: ಬಿಚ್ಚಲು ಬಲಕ್ಕೆ. ಉಲ್ಟಾ ಥ್ರೆಡ್. ಇನ್ನೊಂದು ಕಾಲು ಸುತ್ತು ಬಿಗಿದಿದ್ದರೆ ರೆಕ್ಕೆ ಸೀಳಿ 6,400 ರೂಪಾಯಿಯ ಜೋಡಿಯನ್ನೇ ಕೊಳ್ಳಬೇಕಾಗುತ್ತಿತ್ತು.

ಹೊಸ ಮೋಟರ್ ಕೂರಿಸಿದೆ. ಟರ್ಮಿನಲ್‌ಗಳನ್ನು ಕಟಿಂಗ್ ಪ್ಲೇಯರ್‌ನಲ್ಲಿ ಅಮುಕದೆ, ಆಟೋ ಎಲೆಕ್ಟ್ರಿಷಿಯನ್ ಒಬ್ಬರ ಕ್ರಿಂಪಿಂಗ್ ಇಕ್ಕಳ ಬೇಡಿ ತಂದು ಅಮುಕಿದೆ. ವೈರನ್ನು ಗಟ್ಟಿಯಾಗಿ ಎಳೆದು ನೋಡಿದೆ. ಕೂಲೆಂಟ್ ಮತ್ತು ಬಟ್ಟಿ ಇಳಿಸಿದ ನೀರನ್ನು ಅರ್ಧಕ್ಕರ್ಧ ಬೆರೆಸಿ ತುಂಬಿದೆ, 420 ರೂಪಾಯಿ. ನಮ್ಮ ಕೊಳವೆಬಾವಿಯ ಗಡಸು ನೀರನ್ನು ರೇಡಿಯೇಟರ್‌ಗೆ ಹಾಕಿದರೆ ಒಳಗೆ ಸುಣ್ಣ ಕಟ್ಟುತ್ತದೆ. ಹೀಟರ್ ತೆರೆದಿಟ್ಟು ಎಂಜಿನ್ ಓಡಿಸಿ ಗಾಳಿಗುಳ್ಳೆ ಹೊರಡಿಸಿದೆ.

97ಕ್ಕೆ ಎರಡೂ ಫ್ಯಾನ್ ಹೊರಟವು. ಆದರೆ ತಾಪಮಾನ ಇಳಿಯಲಿಲ್ಲ. 98, 99, 101. ಫ್ಯಾನ್‌ಗಳು ಸುತ್ತುತ್ತಲೇ ಇವೆ! ಕಾರಿನ ಮುಂದೆ ಹೋಗಿ ಕೈ ಹಿಡಿದೆ. ಬಲಗಡೆಯಿಂದ ಬಿಸಿ ಗಾಳಿ ಮುಖಕ್ಕೆ ಬೀಸುತ್ತಿತ್ತು. ನೋಟ್‌ಬುಕ್‌ನ ಹಾಳೆ ಹರಿದು ಜಾಲರಿಗೆ ಹಿಡಿದೆ. ಎಡಗಡೆ ಹಾಳೆ ಅಂಟಿಕೊಂಡಿತು, ಬಲಗಡೆ ಹಾರಿಹೋಯಿತು. ಹೊಸ ಮೋಟರ್ ಉಲ್ಟಾ ಸುತ್ತುತ್ತಿತ್ತು. ಅದರ ಎರಡು ಪಿನ್ನುಗಳ ಧನ, ಋಣ ಹಳೆಯದಕ್ಕಿಂತ ತಿರುವುಮುರುವಾಗಿದ್ದವು. ನಾನು ಹಳೆಯ ವೈರಿನ ಬಣ್ಣ ನೋಡಿ ಜೋಡಿಸಿದ್ದೆ. ಎಡ ಫ್ಯಾನ್ ಎಳೆದು ತಂದ ಬಿಸಿ ಗಾಳಿಯನ್ನೇ ಬಲ ಫ್ಯಾನ್ ಮುಂದಕ್ಕೆ ತಳ್ಳಿ ಮತ್ತೆ ಸುತ್ತಿಸುತ್ತಿತ್ತು. ಎಂಜಿನ್ ಆರಿಸಿ, ಕನೆಕ್ಟರ್‌ನೊಳಗಿನ ಎರಡು ಟರ್ಮಿನಲ್‌ಗಳನ್ನು ತೆಗೆದು ಅದಲುಬದಲು ಮಾಡಿದೆ. ಹತ್ತು ನಿಮಿಷದ ಕೆಲಸ. ಕೂರಿಸುವ ಮುಂಚೆ ಮೇಜಿನ ಮೇಲೆ ಬ್ಯಾಟರಿ ಕೊಟ್ಟು ದಿಕ್ಕು ನೋಡಿದ್ದರೆ ಅದೂ ಬೇಕಿರಲಿಲ್ಲ.

ಈಗ ಹಾಳೆ ಎರಡೂ ಕಡೆ ಅಂಟಿಕೊಂಡಿತು. 97ಕ್ಕೆ ಹೊರಟು ಒಂದೂವರೆ ನಿಮಿಷದಲ್ಲಿ 93. ಅಳತೆಗಳು: ನಿಧಾನ ವೇಗದಲ್ಲಿ 4.2 ಆಂಪಿಯರ್, ಪೂರ್ಣ ವೇಗದಲ್ಲಿ ಎಡ 9.6, ಬಲ 9.3, ಪೂರ್ಣ ವೇಗದಲ್ಲಿ ಬಲ ಫ್ಯಾನ್‌ನ ಅರ್ತ್ ದಾರಿಯ ನಷ್ಟ 0.08 ವೋಲ್ಟ್. ಸಂಜೆ ಐದೂವರೆ. ಅಪ್ಪ ಸ್ಕ್ರೂಡ್ರೈವರ್ ತರಿಸಿಕೊಂಡು ಹೊಸ ಮೋಟರ್‌ಗೆ ಒತ್ತಿ ಕೇಳಿದರು, ತಲೆಯಾಡಿಸಿದರು. ಆಮೇಲೆ ಎಡ ಮೋಟರ್‌ಗೂ ಒತ್ತಿದರು. ಅಲ್ಲಿ ಸ್ವಲ್ಪ ಹೆಚ್ಚು ಹೊತ್ತು ಇದ್ದರು.

ಜೂನ್ 8, ಶನಿವಾರ

ಗೊರಗುಂಟೆಪಾಳ್ಯದಲ್ಲಿ ಹನ್ನೊಂದು ನಿಮಿಷ ನಿಂತೆವು, ಎ.ಸಿ. ಹಾಕಿಕೊಂಡೇ. ಮೊಬೈಲಿನಲ್ಲಿ ಹೆಚ್ಚೆಂದರೆ 96. ಅಪ್ಪನಿಗೆ ನಿದ್ದೆ ಹತ್ತಿತ್ತು. ಆಸ್ಪತ್ರೆಯ ಅಂಗಳ ತಲುಪಿದ ಮೇಲೆ ಎಂಜಿನ್ ಆರಿಸಿ, ಬ್ಯಾಟರಿಯ ಋಣ ತುದಿ ಬಿಚ್ಚಿ, ಎರಡೂ ಕನೆಕ್ಟರ್‌ಗಳನ್ನು ಬೆರಳಲ್ಲಿ ಮುಟ್ಟಿದೆ. ಬಲದ್ದು ಬೆಚ್ಚಗೆ, ಅಷ್ಟೇ. ಎಡದ್ದು ಅದಕ್ಕಿಂತ ಸ್ವಲ್ಪ ಬಿಸಿ.

ಖರ್ಚಿನ ಲೆಕ್ಕ: ಗ್ಯಾಸ್ 1,800, ಸೆನ್ಸರ್ 650, ರಿಲೇ 280, ಮೊದಲ ಕನೆಕ್ಟರ್ 120, ಒಟ್ಟು 2,850 ರೂಪಾಯಿ ವ್ಯರ್ಥ. ನಿಜವಾಗಿ ಬೇಕಾಗಿದ್ದ ಮೋಟರ್, ಕನೆಕ್ಟರ್, ಕೂಲೆಂಟ್ ಸೇರಿ 3,110. ಕ್ಲ್ಯಾಂಪ್ ಮೀಟರ್ ಮತ್ತು ಮಲ್ಟಿಮೀಟರ್‌ನ ಫ್ಯೂಸ್ 2,690. ಎಲ್ಲ ಕೂಡಿ 8,650.

ಎಡ ಮೋಟರ್ ಕೂಡ ಬಲದ ಹಳೆಯ ಮೋಟರಿನಷ್ಟೇ ಹಳೆಯದು, 2013ರದ್ದು. 9.6 ಆಂಪಿಯರ್ ಎಂದರೆ ಇಂದಿಗೆ ಚಿಂತೆಯಿಲ್ಲ, ಆದರೆ ಕನೆಕ್ಟರ್ ಬಿಸಿಯಾದದ್ದು ನನಗೆ ಹಿಡಿಸಲಿಲ್ಲ. 2.5ರ ವೈರು ಒಂದು ಮೀಟರಿನಷ್ಟು ಉಳಿದಿದೆ, ಕ್ರಿಂಪಿಂಗ್ ಇಕ್ಕಳವನ್ನು ಇನ್ನೂ ಹಿಂದಿರುಗಿಸಿಲ್ಲ. ನಾಳೆ ಬೆಳಿಗ್ಗೆ ಎಡದ ಕನೆಕ್ಟರ್ ಬಿಚ್ಚಿ, ಬಲ್ಬು ಸಿಕ್ಕಿಸಿ ಅರ್ತ್ ದಾರಿಯನ್ನು ಅಳೆಯುತ್ತೇನೆ.